ನಮ್ಮತ್ತೆಯೂ ಮೂವತ್ತನಾಲ್ಕನೇ ಪರ್ಸೆಂಟೈಲೂ

ನಮ್ಮ ಅತ್ತೆಯ ಎದುರು ನಿಂತು ಗೆದ್ದು ಬಂದ ಅಂಕಿ ಇಡೀ ಕೊಳ್ಳೇಗಾಲದಲ್ಲಿ ಒಂದೂ ಇಲ್ಲ! ಥರ್ಮಾಮೀಟರು ಸೋತಿದೆ, ಅಂಗಡಿಯ ತಕ್ಕಡಿ ಸೋತಿದೆ, ಗೋಡೆಯ ಗಡಿಯಾರ ಸೋತಿದೆ. ಆಧಾರ್ ಕಾರ್ಡಿನಲ್ಲಿ ಬರೆದಿರುವ ತನ್ನ ವಯಸ್ಸನ್ನೂ ಅವಳು ಒಪ್ಪುವುದಿಲ್ಲ. "ಅದು ಬರ್ಕಂಡೋನ ಅಂದಾಜು ಕಣ್ಲಾ, ನನ್ನ ವಯಸ್ಸಲ್ಲ" ಎನ್ನುತ್ತಾಳೆ. ಹುಟ್ಟಿದ ವರ್ಷವನ್ನೇ ತಿರಸ್ಕರಿಸಿದ ಹೆಂಗಸು ಮಿಕ್ಕ ಅಂಕಿಗಳಿಗೆ ಮರ್ಯಾದೆ ಕೊಡುತ್ತಾಳೆಯೇ?

ಅತ್ತೆ ಎಂದರೆ ಹೆಂಡತಿಯ ತಾಯಿ ಎಂದು ಯಾರೂ ತಿಳಿಯಬಾರದು. ಅವರ ಬಗ್ಗೆ ಬರೆದು ಊಟ ಕಳೆದುಕೊಳ್ಳುವಷ್ಟು ಧೈರ್ಯ ನನಗಿಲ್ಲ. ಇವಳು ನನ್ನ ಅಪ್ಪನ ತಂಗಿ. ನಾನು ವರದಿಗಾರ. ಇಪ್ಪತ್ತು ವರ್ಷದಿಂದ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸುದ್ದಿಯನ್ನು ಪತ್ರಿಕೆಯೊಂದಕ್ಕೆ ಕಳುಹಿಸುತ್ತಿದ್ದೇನೆ. ಕಂಡದ್ದನ್ನು ಬರೆ, ಕೇಳಿದ್ದನ್ನು ಇನ್ನೊಬ್ಬರಲ್ಲಿ ಖಚಿತಪಡಿಸಿಕೊ, ವಿಶೇಷಣ ಹಾಕಬೇಡ ಎಂಬುದು ನಮ್ಮ ಕಸುಬಿನ ಶಿಸ್ತು. ಅತ್ತೆಯ ವಿಷಯದಲ್ಲಿ ಮೊದಲ ಎರಡನ್ನು ಪಾಲಿಸಿದ್ದೇನೆ. ಮೂರನೆಯದು ಮನುಷ್ಯ ಮಾತ್ರದವರಿಂದ ಆಗುವ ಕೆಲಸವಲ್ಲ.

ಅತ್ತೆ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವಳು. ಮನೆಯ ಹಿಂದೆಯೇ ಬಿಸಿನೀರಿನ ತೊಟ್ಟಿ, ಅದರಲ್ಲಿ ಕುಣಿಯುವ ಗೂಡುಗಳು, ಪಕ್ಕದಲ್ಲಿ ತಿರುಗುವ ರಾಟೆ. ಗೂಡಿನ ಮಾರುಕಟ್ಟೆಗೆ ಹೋಗಿ ಗೂಡು ಆರಿಸಿ ತರುತ್ತಿದ್ದವಳೂ ಅವಳೇ. ಅಲ್ಲಿ ಎಲ್ಲರೂ ರಾಶಿಯ ಮೇಲಿನ ಒಂದು ಹಿಡಿ ಎತ್ತಿ ನೋಡಿ ತೀರ್ಮಾನಕ್ಕೆ ಬಂದರೆ, ಅತ್ತೆ ಮೊಣಕೈವರೆಗೆ ಕೈ ತೂರಿಸಿ ತಳದ ಗೂಡು ತೆಗೆಯುವಳು. ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗಿನ ಹುಳು ಗಲಗಲ ಎಂದರೆ ಸೈ. "ಮ್ಯಾಲಿರೋದು ಮದ್ವೆ ಸೀರೆ ಕಣ್ಲಾ, ತಳ್ದಲ್ಲಿರೋದು ಸಂಸಾರ" ಎನ್ನುವುದು ಅವಳ ಸಿದ್ಧಾಂತ. ಗೂಡಿಗೆ ಇದು ಸರಿಯೇ. ಆದರೆ ಅವಳು ಅದನ್ನು ಗೂಡಿಗೆ ಬಿಟ್ಟು ಸುಮ್ಮನಾದಳೇ? ಇಡೀ ಭೂಮಂಡಲಕ್ಕೆ ಅನ್ವಯಿಸಿದಳು!

ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಒಮ್ಮೆ ನಾನೇ ಕರೆದುಕೊಂಡು ಹೋಗಿದ್ದೆ. ಪ್ರಯೋಗಾಲಯದ ಹುಡುಗಿ ಬೆರಳಿಗೆ ಸೂಜಿ ಚುಚ್ಚಿ, ಯಂತ್ರ ನೋಡಿ, "ಜಾಸ್ತಿ ಇದೆ ಅಜ್ಜಿ" ಎಂದಳು.

"ಒಂದು ಬೆಳ್ಳಾಗೆ ನೋಡ್ಬುಟ್ಟು ಮೈಗೆಲ್ಲಾ ಯೋಳ್ಬುಟ್ಯಲ್ಲವ್ವಾ! ಮ್ಯಾಲಿಂದು ತಕಂಡಿದ್ದೀಯ. ಕಾಲಿಂದ ತಕ್ಕಂಡು ನೋಡು."

"ರಕ್ತ ಎಲ್ಲಾ ಕಡೆ ಒಂದೇ ಅಜ್ಜಿ."

"ಗೂಡು ಮಾರೋ ಎಲ್ಲಾ ರೈತ್ರೂ ಇಂಗೇ ಯೋಳಾದು!"

ಕೊನೆಗೆ ಕಾಲಿನ ಹೆಬ್ಬೆರಳಿನಿಂದಲೂ ರಕ್ತ ತೆಗೆಸಿದಳು. ಯಂತ್ರ ಎರಡು ಅಂಕಿ ಕಡಿಮೆ ತೋರಿಸಿತು. ಎರಡೇ ಎರಡು! ಅಂದಿನಿಂದ ಅತ್ತೆ ತನ್ನ ಕಾಲಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ನಂಬಿದ್ದಾಳೆ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿಗೆ ಯಳಂದೂರಿನಲ್ಲಿ ವರನ ಮನೆ ನೋಡಲು ಹೋದಾಗಲೂ ಇದೇ ಕಥೆ. ಎಲ್ಲರೂ ಪಡಸಾಲೆಯಲ್ಲಿ ಕೇಸರಿಬಾತು ತಿನ್ನುತ್ತಾ ವರನ ಸಂಬಳ, ಗುಣ, ಗೋತ್ರಗಳನ್ನು ಮೆಚ್ಚುತ್ತಿದ್ದೆವು. ಅತ್ತೆ ಮಾಯ! ಹುಡುಕಿದರೆ ಹಿತ್ತಲಿನಲ್ಲಿ, ಪಾತ್ರೆ ತೊಳೆಯುತ್ತಿದ್ದ ಆ ಮನೆಯ ಹಿರಿ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಉಂಡ್ಯಾ ಅಂತ ನಿನ್ನ ಕೇಳೋರು ಈ ಮನೇಲಿ ಯಾರಾರಾ ಅವ್ರಾ?" ಎಂದು ವಿಚಾರಿಸುತ್ತಿದ್ದಾಳೆ. ಆ ಹೆಣ್ಣುಮಗಳು ಅತ್ತುಬಿಟ್ಟಳು. ಸಂಬಂಧ ಅಲ್ಲಿಗೆ ಮುರಿಯಿತು. ಕೇಸರಿಬಾತಿನ ಮರ್ಯಾದೆಯೂ ಉಳಿಯಲಿಲ್ಲ. ನಮ್ಮ ಹುಡುಗಿ ಆಮೇಲೆ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ. ಅದು ಇಲ್ಲಿ ಅಪ್ರಸ್ತುತ.

ಇಂಥ ಅತ್ತೆಯ ಕೈಗೆ, ಹೋದ ವರ್ಷ, ಮೊಮ್ಮಗಳ ಮೌಲ್ಯಮಾಪನ ವರದಿ ಸಿಕ್ಕಿತು.

ಮೊಮ್ಮಗಳ ಹೆಸರು ತನು. ಇಲ್ಲೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಏಳನೇ ತರಗತಿ. ಅವಳಪ್ಪ, ಅಂದರೆ ಅತ್ತೆಯ ಒಬ್ಬನೇ ಮಗ, ದಿನಾ ಹನೂರಿಗೆ ಹೋಗಿ ಬರುವ ನೌಕರ. ತಾಯಿಯ ಎದುರು ಆತ ಬಾಯಿ ತೆರೆದ ಬಗ್ಗೆ ನನ್ನ ಬಳಿ ಖಚಿತ ಮಾಹಿತಿ ಇಲ್ಲ. ತನು ಓದುವ ಹುಡುಗಿ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಎರಡೂ ಬದಿ ಓದುವ ಜಾತಿ. ಅವರ ಶಾಲೆಯಲ್ಲಿ ಶನಿವಾರ ಕೊನೆಯ ಎರಡು ಅವಧಿ ಗ್ರಂಥಾಲಯಕ್ಕೆ ಮೀಸಲು. ಪುಸ್ತಕ ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಿ ಅಲ್ಲೇ ಇಟ್ಟು ಬರಬೇಕು. ತನು ಒಂದು ದಪ್ಪ ಪುಸ್ತಕವನ್ನು ವಾರಕ್ಕಿಷ್ಟು ಪುಟದಂತೆ ಮೇಯುತ್ತಾ ಅರ್ಧಕ್ಕೆ ಬಂದಿದ್ದಳು. ಆ ಪುಸ್ತಕದೊಳಗಿನ ಜನ ಅವಳ ಮನೆಮಾತಿನಲ್ಲೂ ಓಡಾಡುತ್ತಿದ್ದರು.

ಆ ವರ್ಷ ಶಾಲೆಯವರು ಹೊರಗಿನ ಯಾವುದೋ ಕಂಪನಿಯಿಂದ ಮಕ್ಕಳಿಗೆ ಓದು ಮತ್ತು ಗಣಿತದ ಪರೀಕ್ಷೆ ಮಾಡಿಸಿದರು. ಕಾಗದವಿಲ್ಲ, ಪೆನ್ನಿಲ್ಲ, ಟ್ಯಾಬಿನ ಮೇಲೆ ಬೆರಳು. ವರದಿ ಮಾತ್ರ ಕಾಗದದಲ್ಲಿ ಬಂತು. ನಾಲ್ಕು ಪುಟ, ಮದುವೆ ಆಲ್ಬಮ್ಮಿನಂಥ ನುಣುಪು. ಮೊದಲ ಪುಟದಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಅರ್ಧಚಂದ್ರ, ಅದಕ್ಕೊಂದು ಮುಳ್ಳು. ಎರಡನೆಯದರಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲಿನಂತೆ ಏಳುವ ಬೀಳುವ ಗೆರೆ. ಮೂರನೆಯದರಲ್ಲಿ ಮಗುವಿನ 'ಕಲಿಕೆಯ ಪಯಣ'ದ ಬಗ್ಗೆ ಹನ್ನೆರಡು ವಾಕ್ಯ. ಹನ್ನೆರಡನ್ನೂ ಯಾವ ಮಗುವಿಗೆ ಬೇಕಾದರೂ ಹಚ್ಚಬಹುದು. ಮಗು ಸಿಗದಿದ್ದರೆ ಕರುವಿಗೂ ನಡೆಯುತ್ತದೆ. ಸರ್ಕಾರಿ ಸುತ್ತೋಲೆಗಳನ್ನು ಅರೆದು ಕುಡಿದ ನನಗೇ ನಾಲ್ಕನೇ ಪುಟಕ್ಕೆ ಬರುವ ಹೊತ್ತಿಗೆ ತಲೆ ಸುತ್ತಿತು. ಸಾರಾಂಶ ಇಷ್ಟು: ಓದಿನಲ್ಲಿ ಎಂಬತ್ತೊಂದನೇ ಪರ್ಸೆಂಟೈಲ್, ಗಣಿತದಲ್ಲಿ ಮೂವತ್ತನಾಲ್ಕನೇ ಪರ್ಸೆಂಟೈಲ್. ಅದರ ಕೆಳಗೆ ಶಾಲೆಯ ಒಂದು ಚೀಟಿ: ಗಣಿತದಲ್ಲಿ ನಲವತ್ತಕ್ಕಿಂತ ಕೆಳಗಿರುವ ಮಕ್ಕಳಿಗೆ ಈ ಶನಿವಾರದಿಂದಲೇ ವರ್ಷದ ಕೊನೆಯವರೆಗೆ ವಿಶೇಷ ಗಣಿತ ತರಗತಿ. ಯಾವ ಹೊತ್ತಿನಲ್ಲಿ? ಗ್ರಂಥಾಲಯದ ಹೊತ್ತಿನಲ್ಲಿ!

ಈ ವರದಿ ಬಂದ ಸಂಜೆ ಅತ್ತೆಯ ಸೊಸೆ ನನಗೆ ಫೋನು ಮಾಡಿದಳು. ದನಿಯಲ್ಲಿ ಅಳು.

"ಅಣ್ಣಾ, ಬೇಗ ಬನ್ನಿ. ತನು ಗಣಿತದಲ್ಲಿ ಫೇಲು. ಒಂದೇ ಒಂದು ಮಾರ್ಕಲ್ಲಿ ಓಗದೆ! ಮೂವತ್ತೈದಕ್ಕೆ ಪಾಸಲ್ವಾ? ಒಂದು ಗ್ರೇಸ್ ಮಾರ್ಕು ಕೊಡಕಾಗ್ನಿಲ್ವಾ ಅವ್ರಿಗೆ?"

"ಅದು ಮಾರ್ಕಲ್ಲಮ್ಮಾ..."

"ಇಲ್ಲಿ ಅತ್ತೆಮ್ಮ ಬ್ಯಾರೆ ಪಾಯಸ ಮಾಡ್ತಾವ್ರೆ!"

ಹೋದೆ. ಅಳು ನಡುಮನೆಯಲ್ಲಿ, ಪಾಯಸ ಅಡುಗೆಮನೆಯಲ್ಲಿ. ಒಂದೇ ಕಾಗದವನ್ನು ಓದಿ ಒಂದೇ ಮನೆಯ ಇಬ್ಬರು ಹೆಂಗಸರು ತದ್ವಿರುದ್ಧ ತೀರ್ಮಾನಕ್ಕೆ ಬಂದಿದ್ದರು. ಇಬ್ಬರದೂ ತಪ್ಪು! ಸೊಸೆಯ ತಪ್ಪು ನಾಡಿನ ಎಲ್ಲ ತಾಯಂದಿರ ತಪ್ಪು, ಅದನ್ನು ಕ್ಷಮಿಸಬಹುದು. ಅತ್ತೆಯ ತಪ್ಪನ್ನು ಅತ್ತೆಯೇ ಮಾಡಬೇಕು.

ರೇಷ್ಮೆ ಕಸುಬಿನಲ್ಲಿ ರೆಂಡಿಟ್ಟಾ ಎಂಬ ಒಂದು ಲೆಕ್ಕವಿದೆ. ಒಂದು ಕಿಲೋ ರೇಷ್ಮೆ ಬರಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ. ಏಳು ಕಿಲೋದಲ್ಲಿ ಬಂದರೆ ಒಳ್ಳೆಯ ಗೂಡು, ಹತ್ತು ಕಿಲೋ ಬೇಡಿದರೆ ದರಿದ್ರ ಗೂಡು. ಅಂಕಿ ಇಳಿದಷ್ಟೂ ಹಿರಿಮೆ. ನಲವತ್ತು ವರ್ಷ ಈ ಒಂದು ಅಂಕಿಯನ್ನು ನೋಡುತ್ತಾ ಬಾಳಿದ ಅತ್ತೆಗೆ ಲೋಕದ ಯಾವ ಅಂಕಿಯಾದರೂ ಸರಿ, ಸಣ್ಣದಾದರೆ ಖುಷಿ.

"ಲೆಕ್ಕದಲ್ಲಿ ಮೂವತ್ನಾಕಕ್ಕೇ ಬಂದ್ಬುಟ್ಟದೆ ಕಣ್ಲಾ ನಮ್ ಕೂಸು! ಬೋ ಚೆಂದಾಗದೆ" ಎಂದು ಸೌಟು ಹಿಡಿದೇ ಬಂದಳು. "ಓದೋದೇ ಎಂಬತ್ತೊಂದು ತಿಂತದೆ. ಅದ್ಯಾಕೋ ಕೆಟ್ಟೋಗದೆ. ಅದ್ನ ನೀನು ಸರಿ ಮಾಡು. ಪೇಪರ್ನೋನು ತಾನೆ?"

ಪಕ್ಕದ ಮನೆಯ ಇಬ್ಬರು ಆಗಲೇ ಬಂದು ಅಭಿನಂದಿಸಿ, ಪಾಯಸದ ಲೋಟ ಹಿಡಿದು ಕೂತಿದ್ದರು. ನಾನು ಎದೆ ಗಟ್ಟಿ ಮಾಡಿಕೊಂಡೆ. ಪತ್ರಕರ್ತನ ಕರ್ತವ್ಯವೇ ಸತ್ಯವನ್ನು ಸರಳವಾಗಿ ಜನರಿಗೆ ತಿಳಿಸುವುದು.

"ಅತ್ತೆ, ಇಲ್ಲಿ ನೋಡು. ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ದಾರೆ ಅಂತ ಇಟ್ಕೋ."

"ಯಾವ ಮಕ್ಳು?"

"ಯಾವುದೋ ಮಕ್ಕಳು. ಎಲ್ಲೆಲ್ಲೋ ಈ ಪರೀಕ್ಷೆ ಬರೆದೋರು."

"ಧನಗೆರೆ ಮಕ್ಳು ಅವ್ರಾ?"

"ಗೊತ್ತಿಲ್ಲ."

"ಕೌದಳ್ಳೀವು?"

"ಗೊತ್ತಿಲ್ಲ ಅತ್ತೆ!"

"ಯಾರೂ ಕಾಣ್ದೇ ಇರೋ ಸಾಲ್ನಲ್ಲಿ ನಮ್ ಕೂಸ ನಿಲ್ಸ್ಬುಟ್ಟವ್ರೆ. ನೀನೂವೆ ಒಪ್ಕಂಡು ಕುಂತಿದ್ದೀಯಲ್ಲ! ಸರಿ, ಯೋಳು."

"ಆ ಸಾಲಿನಲ್ಲಿ ಮೂವತ್ತನಾಲ್ಕು ಮಕ್ಕಳು ತನುಗಿಂತ ಹಿಂದೆ ಇದ್ದಾರೆ. ಉಳಿದವರು ಮುಂದೆ ಇದ್ದಾರೆ."

ಅತ್ತೆ ಸೌಟನ್ನು ಪಕ್ಕಕ್ಕಿಟ್ಟಳು. "ಸಾಲು ಯಾವ್ ಕಡಿಕೆ ಮೊಕ ಮಾಡದೆ?"

ಪತ್ರಿಕೋದ್ಯಮದ ಯಾವ ತರಬೇತಿಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಪಾಯಸದ ಲೋಟ ಹಿಡಿದಿದ್ದ ನೆರೆಯವರಲ್ಲಿ ಒಬ್ಬಳು, "ದ್ಯಾವಸ್ಥಾನದ ಕಡಿಕೆ ಇರ್ಬೇಕು" ಎಂದಳು. ಅರ್ಧ ಗಂಟೆ ಹೋರಾಡಿದ ಮೇಲೆ ಅತ್ತೆಗೆ ವಿಷಯ ಇಳಿಯಿತು. ಇಲ್ಲಿ ಅಂಕಿ ದೊಡ್ಡದಾದರೆ ಒಳ್ಳೆಯದು, ತನು ಓದಿನಲ್ಲಿ ಬಹಳ ಮುಂದೆ, ಗಣಿತದಲ್ಲಿ ಹಿಂದೆ. ಒಲೆಯ ಮೇಲಿನ ಪಾಯಸವನ್ನು ಇಳಿಸಿ ಬಂದಳು. ನೆರೆಯವರ ಕೈಯಿಂದ ಲೋಟ ಕಿತ್ತುಕೊಳ್ಳಲಿಲ್ಲ, ಅಷ್ಟೇ.

ಆದರೆ ಸೋಲೊಪ್ಪಿದಳೇ? ವರದಿಯನ್ನು ಕಣ್ಣಿನ ಹತ್ತಿರ ಹಿಡಿದು ಮೂಲೆಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು.

"ಇದೇನ್ಲಾ ಇಲ್ಲಿ? ಇಪ್ಪತ್ತೆಂಟು ಗೀಟು ನಲ್ವತ್ತು?"

"ಅದೇನಿಲ್ಲ ಬಿಡು."

"ಏನಿಲ್ದೆ ಬರ್ದವ್ರಾ?"

"ಇನ್ನೊಂದು ಸಲ ಪರೀಕ್ಷೆ ಮಾಡಿದರೆ ಮೂವತ್ತನಾಲ್ಕೇ ಬರಬೇಕು ಅಂತಿಲ್ಲ, ಇಪ್ಪತ್ತೆಂಟರಿಂದ ನಲವತ್ತರ ಒಳಗೆ ಎಲ್ಲಿ ಬೇಕಾದರೂ ಬರಬಹುದು ಅಂತ."

"ಅಂದ್ರೆ ಇವ್ರು ತಕಂಡಿರೋದು ಒಂದು ಹಿಡಿ. ಇನ್ನೊಂದು ಹಿಡಿ ತಕಂಡ್ರೆ ನಲ್ವತ್ತೂ ಆಗಬೋದು ಅಂತ ಅವರೇ ಬರ್ಕೊಟ್ಟವ್ರೆ! ಇಷ್ಟು ನೆಟ್ಟಗೆ ಬರ್ದಿರೋದ್ನ ನೀನು ಏನಿಲ್ಲ ಬುಡು ಅಂತೀಯ. ಯಾವ ಪೇಪರ್ಲಾ ನಿಂದು?"

ನಾಲ್ಕು ಪುಟದ ವರದಿಯಲ್ಲಿ ಪ್ರಾಮಾಣಿಕವಾದ ಸಾಲು ಅದೊಂದೇ. ಅದನ್ನು ನಾನು ಬಿಟ್ಟಿದ್ದೆ, ಅವಳು ಹಿಡಿದಿದ್ದಳು. ಈ ವಿಷಯವನ್ನು ಅಂದು ಅಲ್ಲಿ ನಾನು ಒಪ್ಪಿಕೊಳ್ಳಲಿಲ್ಲ. ಇಲ್ಲಿಯೂ ಹೆಚ್ಚು ಬೆಳೆಸುವುದಿಲ್ಲ.

ಹೊರಡುವಾಗ ತನು ಬಾಗಿಲವರೆಗೆ ಬಂದಳು. "ಮಾವ, ಶನಿವಾರ ವರ್ಷ ಪೂರ್ತಿನಾ?" ಎಂದಳು. ಹೌದು ಎಂದೆ. "ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಲೈಬ್ರರಿ ಇಲ್ಲ ಮಾವ. ಟೈಮ್ ಟೇಬಲ್‌ನಲ್ಲೇ ಇಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಅಂದರೆ ಆ ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಅಳ್ಬ್ಯಾಡ ಸುಮ್ಕಿರು. ನಾಳೀಕೆ ನಾನೇ ಓಗಿ ತಳದ ಗೂಡ ತಗ್ಸಿ ನೋಡ್ತೀನಿ."

ಮಾರನೆಯ ದಿನ ಶುಕ್ರವಾರ. ಶನಿವಾರಕ್ಕೆ ಒಂದೇ ದಿನ. ಅತ್ತೆ ಇಸ್ತ್ರಿ ಸೀರೆ ಉಟ್ಟು, ಬಟ್ಟೆಯ ಚೀಲದಲ್ಲಿ ವರದಿ ಇಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತಳು. ಚೀಲದಲ್ಲಿ ಇನ್ನೇನೋ ಗಲಗಲ ಎನ್ನುತ್ತಿತ್ತು. "ಅದೇನತ್ತೆ?" ಎಂದರೆ, "ಗೂಡು. ಮೇಡಮ್ಗೆ ಎಂಗೆ ನೋಡ್ಬೇಕು ಅಂತ ತೋರ್ಸಕ್ಕೆ" ಎಂದಳು! ದಾರಿಯುದ್ದಕ್ಕೂ ನಾನು ದೇವರಲ್ಲಿ ಬೇಡಿದ್ದು ಒಂದೇ: ಶಾಲೆಯ ಅಂಗಳದಲ್ಲಿ ನನ್ನ ಪರಿಚಯದವರು ಯಾರೂ ಸಿಗದಿರಲಿ. ಗೇಟಿನಲ್ಲೇ ಮೂವರು ಸಿಕ್ಕರು.

ಗಣಿತದ ಶಿಕ್ಷಕಿ ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಕೊಟ್ಟಳು. ಅತ್ತೆ ಕೂರಲಿಲ್ಲ. ಮೇಜಿನ ಮೇಲೆ ಐದು ಗೂಡು ಇಟ್ಟಳು.

"ಮೇಡಮ್ಮೋರೇ, ಇದ್ರಲ್ಲಿ ಕೆಟ್ಟಿರೋದು ಯಾವ್ದು ಯೋಳಿ."

"ಎಲ್ಲಾ ಒಂದೇ ಥರ ಇದ್ಯಲ್ಲ ಅಜ್ಜಿ?"

"ಅಂಗೇಯ ನಿಮ್ ಕಂಪ್ನಿಯೋರ್ಗೂ ಕಂಡಿರೋದು" ಎಂದು ಅತ್ತೆ ಒಂದೊಂದನ್ನೂ ಶಿಕ್ಷಕಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ನಾನು ಕಿಟಕಿಯಾಚೆಯ ಬೇವಿನ ಮರವನ್ನು ಗಂಭೀರವಾಗಿ ಗಮನಿಸತೊಡಗಿದೆ. "ನಮ್ ಕೂಸು ಯಾವ್ ಲೆಕ್ಕ ಮಾಡದೆ, ಯಾವ್ದು ಬುಟ್ಟದೆ, ಒಂದೊಂದೂ ಕಾಣ್ಬೇಕು ನಂಗೆ."

ಬೇರೆಯವರಾಗಿದ್ದರೆ ಹೊರಗೆ ಕಳುಹಿಸುತ್ತಿದ್ದರು. ಈ ಶಿಕ್ಷಕಿಗೆ ಕುತೂಹಲವಾಯಿತು. ಕಂಪ್ಯೂಟರು ತೆರೆದು ತನು ಮಾಡಿದ ಲೆಕ್ಕಗಳನ್ನೆಲ್ಲ ಒಂದೊಂದಾಗಿ ಓದಿದಳು. ಗುಣಾಕಾರ, ಭಾಗಾಕಾರ, ಭಿನ್ನರಾಶಿ, ಬರೀ ಅಂಕಿಗಳ ಲೆಕ್ಕ ಬಂದಾಗಲೆಲ್ಲ ಸರಿ. ವಾಕ್ಯದ ಲೆಕ್ಕ ಬಂದಾಗಲೆಲ್ಲ ತಪ್ಪು.

"ಓದೋದ್ರಲ್ಲಿ ಎಂಬತ್ತೊಂದು ಇರೋ ಹುಡುಗೀಗೆ ವಾಕ್ಯದ ಲೆಕ್ಕ ಅರ್ಥ ಆಗ್ಲಿಲ್ಲ ಅಂದ್ರೆ ವಿಚಿತ್ರ" ಎಂದಳು ಶಿಕ್ಷಕಿ. "ಇದು ನೋಡಿ. ಹದಿನೈದು ಟ್ರೇ ಟೊಮೇಟೊ, ಒಂದೊಂದರಲ್ಲಿ ಇಪ್ಪತ್ನಾಲ್ಕು. ಒಟ್ಟು ಮುನ್ನೂರ ಅರವತ್ತು. ಇವಳು ಮುನ್ನೂರ ನಲವತ್ತೈದು ಅಂತ ಬರೆದಿದ್ದಾಳೆ. ನಲ್ಲಿಯಿಂದ ನಿಮಿಷಕ್ಕೆ ಹನ್ನೆರಡು ಲೀಟರು, ಇಪ್ಪತ್ತು ನಿಮಿಷ. ಇನ್ನೂರ ನಲವತ್ತು. ಇವಳದು ಇನ್ನೂರ ಮೂವತ್ತು. ಹತ್ತು ಲೀಟರ್ ಹಾಲು, ಅರ್ಧ ಲೀಟರಿನ ಪ್ಯಾಕೆಟ್ಟು. ಇಪ್ಪತ್ತು ಬರಬೇಕು, ಹತ್ತೊಂಬತ್ತು. ಎಲ್ಲಾ ಕಡೆ ಒಂಚೂರು ಕಮ್ಮಿ! ಗೊತ್ತಿಲ್ಲದೆ ತಪ್ಪಿದ್ರೆ ಒಂದೊಂದ್ಸಲ ಜಾಸ್ತೀನೂ ಬರಬೇಕಲ್ವಾ?"

ನಾನು ಅತ್ತೆಯ ಕಡೆ ನೋಡಿದೆ. ಈ ಹೊತ್ತಿಗೆ ಅವಳು ಕಂಪನಿಯ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಟೊಮೇಟೊ ಲೆಕ್ಕ ಕೇಳಿದಾಗಲೇ ಅವಳ ಮುಖ ಇಳಿದುಹೋಗಿತ್ತು.

ಶಿಕ್ಷಕಿ ತನುವನ್ನು ತರಗತಿಯಿಂದ ಕರೆಸಿದಳು. ಹುಡುಗಿ ಬಾಗಿಲಲ್ಲಿ ಅಜ್ಜಿಯನ್ನೂ ಮೇಜಿನ ಮೇಲಿನ ಗೂಡುಗಳನ್ನೂ ನೋಡಿ ಕೆಂಪಾದಳು.

"ತನು, ಈ ಮುನ್ನೂರ ನಲವತ್ತೈದು ಹೇಗೆ ಬಂತು?"

"ಟ್ರೇಗೆ ಒಂದು ಕೊಳೆತಿರತ್ತೆ ಮಿಸ್."

"ಮತ್ತೆ ಹಾಲು?"

"ಕ್ಯಾನಿಗೆ ಅಂಟ್ಕೊಳ್ಳೋದು ಹೋಗತ್ತಲ್ಲ ಮಿಸ್."

"ಈ ಬಸ್ಸು? ಗಂಟೆಗೆ ನಲವತ್ತು ಕಿಲೋಮೀಟರು, ನೂರಿಪ್ಪತ್ತು ಕಿಲೋಮೀಟರು ದೂರ. ಮೂರು ಗಂಟೆ ಬದಲು ಮೂರು ಗಂಟೆ ಇಪ್ಪತ್ತು ನಿಮಿಷ ಅಂತ ಬರೆದಿದ್ದೀಯ. ಇಲ್ಲಿ ಮಾತ್ರ ಜಾಸ್ತಿ ಆಯ್ತಲ್ಲ?"

"ಬಸ್ಸು ಕೌದಳ್ಳೀಲಿ ಟೀಗೆ ನಿಲ್ಲತ್ತೆ ಮಿಸ್" ಎಂದಳು ತನು, ಇದೂ ಗೊತ್ತಿಲ್ಲವೇ ಎಂಬ ದನಿಯಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ಶಿಕ್ಷಕಿಯೂ ನಕ್ಕಳು. ಆಮೇಲೆ, "ಹೀಗೆ ಕಳೀಬೇಕು ಅಂತ ನಿಂಗೆ ಯಾರು ಹೇಳಿದ್ದು?" ಎಂದು ಕೇಳಿದಳು.

ತನು ನೆಲ ನೋಡಿದಳು. "ಯಾರೂ ಇಲ್ಲ ಮಿಸ್. ನಂಗೇ ಗೊತ್ತಿತ್ತು."

ಸುಳ್ಳು. ಯಾರು ಹೇಳಿದ್ದೆಂದು ಆ ಬೀದಿಗೆಲ್ಲ ಗೊತ್ತು, ನನಗೂ ಗೊತ್ತು. ದಿನಾ ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಅತ್ತೆ ಬಾಯಿಲೆಕ್ಕ ಹೇಳಿಕೊಡುತ್ತಿದ್ದಳು. ಎಷ್ಟು ಬುಟ್ಟಿ, ಎಷ್ಟು ಸೇರು, ಎಷ್ಟು ಮೊಳ ಎಂದು ಕೇಳುವಳು. ಹುಡುಗಿ ಉತ್ತರ ಹೇಳಿದ ಕೂಡಲೇ, "ಓಗೋದು ಎಷ್ಟು? ಅದ ಕಳಿ. ಮಿಕ್ಕಿದ್ದ ಯೋಳು" ಎನ್ನುವಳು. ಪೂರ್ತಿ ಉತ್ತರ ಹೇಳಿದರೆ ತಲೆಗೊಂದು ಮೊಟಕು. ಹೋಗುವುದನ್ನು ಕಳೆದು ಹೇಳಿದರೆ ಕೈಗೊಂದು ಬೆಲ್ಲದ ಚೂರು. ಆ ಬೆಲ್ಲ ತಿಂದು ಬೆಳೆದ ಹುಡುಗಿ ಕಂಪನಿಯ ಟ್ಯಾಬಿನ ಮುಂದೆಯೂ ಕಳೆದಳು. ಕಳೆದು ಕಳೆದು ಮೂವತ್ತನಾಲ್ಕಕ್ಕೆ ಬಂದಳು!

"ಕೂಸ್ದು ತಪ್ಪಲ್ಲ ಮೇಡಮ್ಮೋರೇ" ಎಂದಳು ಅತ್ತೆ. "ನಾನೇ ಯೋಳ್ಕೊಟ್ಟಿದ್ದು."

ನ್ಯಾಯವಾಗಿ ನನ್ನ ವರದಿ ಇಲ್ಲಿಗೆ ಮುಗಿಯಬೇಕು. ಆರೋಪಿ ಸಿಕ್ಕಿದ್ದಾಳೆ, ತಪ್ಪೊಪ್ಪಿಗೆ ಆಗಿದೆ. ಅಂಕಿಗಳನ್ನು ಜೀವಮಾನವಿಡೀ ಗೋಳುಹುಯ್ದುಕೊಂಡ ಹೆಂಗಸಿಗೆ ಅಂಕಿಗಳು ಸೇಡು ತೀರಿಸಿಕೊಂಡವು, ಅದೂ ಮೊಮ್ಮಗಳ ಮೂಲಕ, ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ತಲೆಬರಹವನ್ನೂ ಯೋಚಿಸಿಬಿಟ್ಟಿದ್ದೆ.

ಶಿಕ್ಷಕಿ ಒಂದು ಬಿಳಿ ಹಾಳೆ ತೆಗೆದುಕೊಂಡಳು. "ವರದಿ ತಿದ್ದೋಕೆ ನನಗಾಗಲ್ಲ ಅಜ್ಜಿ. ಆದ್ರೆ ಶನಿವಾರದ ಕ್ಲಾಸಿಗೆ ಯಾರು ಬರಬೇಕು ಅನ್ನೋದು ನನ್ನ ಕೈಲಿದೆ. ಐದು ಲೆಕ್ಕ ಕೊಡ್ತೀನಿ, ಐದೂ ವಾಕ್ಯದ್ದೇ. ನಾಲ್ಕು ಸರಿ ಮಾಡಿದ್ರೆ ಅವಳು ಲೈಬ್ರರಿಗೆ ಹೋಗ್ಲಿ." ಬರೆದು ತನುವಿನ ಮುಂದಿಟ್ಟಳು.

ತನು ಮೊದಲನೆಯದನ್ನು ಓದಿದಳು. ಹದಿನೆಂಟು ಲೀಟರಿನ ಎಣ್ಣೆ ಡಬ್ಬ, ಅರ್ಧ ಲೀಟರಿನ ಸೀಸೆಗಳು, ಎಷ್ಟು ಸೀಸೆ ತುಂಬುತ್ತವೆ? ಪೆನ್ಸಿಲು ಹಾಳೆಗೆ ತಾಗಿ ಅಲ್ಲೇ ನಿಂತಿತು. ಅವಳಿಗೆ ಉತ್ತರ ಗೊತ್ತಿಲ್ಲ ಎಂದಲ್ಲ. ಹುಡುಗಿ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಮೂವತ್ತಾರು ಎಂದು ಬರೆದರೆ ಶನಿವಾರ ಉಳಿಯುತ್ತದೆ. ಬರೆದರೆ ಅಜ್ಜಿ ಹೇಳಿಕೊಟ್ಟದ್ದು ತಪ್ಪು ಎಂದು ಅಜ್ಜಿಯ ಎದುರಿಗೇ ಬರೆದುಕೊಟ್ಟಂತಾಗುತ್ತದೆ. ಹನ್ನೆರಡು ವರ್ಷದ ಹುಡುಗಿ ಅಷ್ಟು ದಪ್ಪ ಪುಸ್ತಕವನ್ನು ಪಣಕ್ಕಿಟ್ಟು ಪೆನ್ಸಿಲು ಹಿಡಿದು ಕೂತಿದ್ದಳು.

ಎಣ್ಣೆ ಡಬ್ಬಕ್ಕೆ ಅಂಟುವುದಿಲ್ಲವೇ ಎಂದು ಅತ್ತೆ ಈಗ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ಬಾಯಿ ತೆರೆದಳು ಕೂಡ.

"ಓಗೋದು ಕಳೀಬ್ಯಾಡ ಕಣವ್ವಾ."

"ಎಣ್ಣೆ ಡಬ್ಬಕ್ಕೆ ಅಂಟಲ್ವಾ ಅಜ್ಜಿ?"

"ಇದು ಬರ್ದಿರೋ ಎಣ್ಣೆ. ಇದ್ರಲ್ಲಿ ಓಗೋದು ಏನೂ ಇಲ್ಲ. ಪೂರ್ತಿ ಬರಿ."

ಅಷ್ಟು ಹೇಳಿ ಅತ್ತೆ ಹೊರಗೆ ಜಗಲಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಒಳಗೂ ಕಾಣಬೇಕು, ಹೊರಗೂ ಕಾಣಬೇಕಲ್ಲ.

ನನ್ನ ಬಳಿ ಇರುವ ಖಚಿತ ಮಾಹಿತಿ ಇಷ್ಟು. ಅತ್ತೆಗೆ ಮದುವೆಯಾದಾಗ ಹದಿನೇಳು. ಮೊದಲ ಮಗು ಹೆಣ್ಣು, ಒಂದು ವರ್ಷ ತುಂಬಲಿಲ್ಲ. ಎರಡನೆಯವನಿಗೆ ಮೂರು ವರ್ಷವಾದಾಗ ನಮ್ಮ ಮಾವ, ಅಂದರೆ ಅವಳ ಗಂಡ, ತೀರಿಕೊಂಡರು. ಬಿಸಿನೀರಿನ ತೊಟ್ಟಿಯ ಮುಂದೆ ಅವಳು ಒಬ್ಬಳೇ ಕೂತಳು. ಬುಟ್ಟಿಗಟ್ಟಲೆ ಗೂಡು ಬೇಯಿಸಿದರೆ ಸಂಜೆಗೆ ಸಿಗುವುದು ಕೈಯಲ್ಲಿ ಹಿಡಿಯುವಷ್ಟು ರೇಷ್ಮೆ. ಬುಟ್ಟಿಯನ್ನು ನೋಡಿ ಆಸೆ ಇಟ್ಟುಕೊಂಡವರೆಲ್ಲ ಆ ಬೀದಿಯಲ್ಲಿ ಒಲೆ ಆರಿಸಿ ಕಸುಬು ಬಿಟ್ಟರು. ಹೋಗುವುದನ್ನು ಬೆಳಿಗ್ಗೆಯೇ ಲೆಕ್ಕದಿಂದ ಕಳೆದು ಕೂರುತ್ತಿದ್ದ ಅತ್ತೆ ನಲವತ್ತು ವರ್ಷ ಉಳಿದಳು. ಇದಕ್ಕೆ ವಿಶೇಷಣ ಸೇರಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಒಳಗೆ ಪೆನ್ಸಿಲು ಓಡುತ್ತಿತ್ತು. ಒಮ್ಮೆ ನಿಂತಿತು, ರಬ್ಬರು ಉಜ್ಜಿದ ಸದ್ದು ಕೇಳಿಸಿತು, ಮತ್ತೆ ಓಡಿತು. ಶಿಕ್ಷಕಿ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಗೆ ನೋಡಿದಳು. ಕೆಂಪು ಪೆನ್ನಿನಲ್ಲಿ ಐದು ಸಲ ಗೀಚಿದಳು. "ನಾಳೆ ಲೈಬ್ರರಿಗೆ ಹೋಗು" ಎಂದಳು. ತನು ಮೇಜಿನ ಮೇಲಿದ್ದ ಗೂಡುಗಳನ್ನು ಒಂದೊಂದಾಗಿ ಎತ್ತಿ ಅಜ್ಜಿಯ ಚೀಲಕ್ಕೆ ಹಾಕತೊಡಗಿದಳು.

ಅತ್ತೆ ಜಗಲಿಯ ಕಂಬ ಹಿಡಿದು ಅಂಗಳದ ಕಡೆ ಮುಖ ಮಾಡಿ ನಿಂತಿದ್ದಳು. ನನ್ನ ಹೆಜ್ಜೆಯ ಸದ್ದಿಗೂ ತಿರುಗಲಿಲ್ಲ.

"ಪೂರ್ತಿ ಬರುದ್ಲಾ?" ಎಂದಳು.

"ಪೂರ್ತಿ ಬರೆದಳು ಅತ್ತೆ. ಐದೂ ಪೂರ್ತಿ."

ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಬರ್ಕಳ್ಲಿ ಬುಡು. ಅವಳಿಗಾರಾ ಪೂರ್ತಿ ಬರ್ಲಿ."